ಅಕ್ಕನಿಗೊಬ್ಬ ಡಾಕ್ಟರು

ನಮ್ಮ ಕ್ಲಾಸಿನಲ್ಲಿ ಯಾರು ಲ್ಯಾಪ್‌ಟಾಪ್ ಕೊಳ್ಳೋದಾದ್ರೂ ಮೊದಲು ಮಾಡೋ ಕೆಲಸ ಒಂದೇ. ಎಕ್ಸೆಲ್ ಶೀಟ್ ತೆಗೆದು ರ‍್ಯಾಮ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು, ಬೆಲೆ ಎಷ್ಟು ಅಂತ ಬರೆದು ಅಂಕ ಕೂಡಿಸೋದು. ಕಳೆದ ಮೇ ತಿಂಗಳಲ್ಲಿ ಅಂಥದ್ದೇ ಒಂದು ಶೀಟನ್ನು ನಾನು ನಮ್ಮಕ್ಕನ ಹೆರಿಗೆ ಡಾಕ್ಟರನ್ನು ಹುಡುಕೋಕೆ ಮಾಡಿದೆ. ನಗಬೇಡಿ, ಪೂರ್ತಿ ಓದಿ.

ಅಕ್ಕನಿಗೆ ಚೊಚ್ಚಲು. ಭಾವನಿಗೆ ಪುಣೆಯಲ್ಲಿ ಕೆಲಸ. ಮೊದಲ ಹೆರಿಗೆ ತವರಲ್ಲೇ ಆಗಬೇಕು ಅಂತ ಅಜ್ಜಿಯ ಹಠ. ವಾಂತಿ ಜಾಸ್ತಿಯಾಗಿ ಅಕ್ಕ ಮೂರನೇ ತಿಂಗಳಿಗೇ ಗಾಂಧಿನಗರದ ನಮ್ಮನೆಗೆ ಬಂದುಬಿಟ್ಟಳು. ಗಾಂಧಿನಗರ ಅಂದ್ರೆ ಎಲ್ಲರಿಗೂ ಮೆಜೆಸ್ಟಿಕ್, ಸಿನಿಮಾ ಆಫೀಸು, ಲಾಡ್ಜು. ಅಲ್ಲಿ ಮನೆ ಇದೆ ಅಂದ್ರೆ ನನ್ನ ಫ್ರೆಂಡ್ಸೇ ನಂಬಲ್ಲ. ಇದೆ ಸ್ವಾಮಿ, ಅಣ್ಣಮ್ಮನ ಗುಡಿಯಿಂದ ನಡೆದು ಬರೋವಷ್ಟು ದೂರದಲ್ಲಿ, ಎರಡು ಲಾಡ್ಜುಗಳ ಮಧ್ಯೆ. ಅಪ್ಪ ಅಮ್ಮ ಇಬ್ಬರೂ ಅಂಗಡಿ ನೋಡ್ಕೋಬೇಕು. ಹಾಗಾಗಿ ಅಕ್ಕನ ಜೊತೆ ಆಟೋದಲ್ಲಿ ಓಡಾಡೋ ಕೆಲಸ ನನ್ನ ಪಾಲಿಗೆ ಬಂತು.

"ನಾವಿಬ್ಬರೂ ಹುಟ್ಟಿದ್ದು ವಾಣಿ ವಿಲಾಸದಲ್ಲಿ, ಈಗ್ಯಾಕೆ ಇಷ್ಟೊಂದು ಹುಡುಕಾಟ?" ಅಂತ ನಾನು ಅಮ್ಮನನ್ನ ಕೇಳಿದ್ದೆ. ಮಾರ್ಕೆಟ್ ಪಕ್ಕದ ಆ ಆಸ್ಪತ್ರೆ 1935ರದ್ದು. ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಎರಡು ತಲೆಮಾರು ಹುಟ್ಟಿದ್ದು ಅಲ್ಲೇ. ಆದರೆ ಭಾವನ ಕಂಪನಿಯ ಇನ್ಶೂರೆನ್ಸ್ ಇದೆ, ಖಾಸಗಿಯಲ್ಲೇ ನೋಡೋಣ ಅಂತ ಮನೆಯಲ್ಲಿ ತೀರ್ಮಾನ ಆಯ್ತು.

ಪಕ್ಕದ ಮನೆಯವರಿಂದ ಹಿಡಿದು ಹೂವು ಮಾರೋ ಅಮ್ಮನವರೆಗೆ ಎಲ್ಲರೂ ಹೇಳಿದ್ದು ಒಂದೇ ಮಾತು: "ನಾರ್ಮಲ್ ಮಾಡಿಸೋ ಡಾಕ್ಟರ್ ಹತ್ರ ಹೋಗಿ." 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನ ನೋಡಿದೆ. ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 47ರಷ್ಟು ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14. ಖುಷಿಯಿಂದ ಶೀಟಿಗೆ "ಸಿಸೇರಿಯನ್ ಶೇಕಡಾ" ಅಂತ ಒಂದು ಕಾಲಂ ಹಾಕಿದೆ. ಅದನ್ನ ತುಂಬೋಕೇ ಆಗ್ಲಿಲ್ಲ. ಕೇಳಿದ ಕಡೆಯೆಲ್ಲ ರಿಸೆಪ್ಷನ್‌ನವರು ನನ್ನನ್ನ ವಿಚಿತ್ರವಾಗಿ ನೋಡಿದರು. ಕೊಟ್ಟಿದ್ರೂ ಎಷ್ಟು ಉಪಯೋಗ ಅನ್ನೋದು ಆಮೇಲೆ ಹೊಳೀತು. ಕಷ್ಟದ ಕೇಸುಗಳನ್ನೇ ಜಾಸ್ತಿ ನೋಡೋ ಡಾಕ್ಟರ ಶೇಕಡಾ ಹೆಚ್ಚೇ ಇರುತ್ತೆ.

ಮೊದಲು ಹೋಗಿದ್ದು ತುಂಬಾ ಹೆಸರಿರೋ ಒಬ್ಬರ ಹತ್ರ. ಎರಡೂವರೆ ಗಂಟೆ ಕಾದ್ವಿ. ನರ್ಸ್ ಬಂದು "ಹಸ್ಬೆಂಡ್ ಒಳಗೆ ಬನ್ನಿ" ಅಂದರು. "ತಮ್ಮ" ಅಂದೆ. ಕಾಯ್ತಿದ್ದವರೆಲ್ಲ ನಕ್ಕರು. ಒಳಗಿದ್ದದ್ದು ನಾಲ್ಕು ನಿಮಿಷ. ರಿಪೋರ್ಟಿನಲ್ಲಿ ಅಕ್ಕನ ಬ್ಲಡ್ ಗ್ರೂಪ್ ಓ ನೆಗೆಟಿವ್ ಅಂತಿತ್ತು. "ಮೇಡಂ, ನೆಗೆಟಿವ್ ಅಂದ್ರೆ ತೊಂದರೆನಾ?" ಅಂತ ಅಕ್ಕ ಕೇಳಿದಳು. "ಅದೆಲ್ಲ ನಾವು ನೋಡ್ಕೋತೀವಿ, ನೀವು ಟೆನ್ಷನ್ ತಗೋಬೇಡಿ." ಬಹುಶಃ ನಿಜವಾಗಿಯೂ ನೋಡ್ಕೋತಿದ್ರೇನೋ. ಆದರೆ ವಾಪಸ್ ಬರುವಾಗ ಅಕ್ಕ ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. ರಾತ್ರಿ ಎರಡು ಗಂಟೆಗೆ ನೀರು ಕುಡಿಯೋಕೆ ಎದ್ದರೆ ಇನ್ನೂ ಮೊಬೈಲ್ ನೋಡ್ತಾ ಕೂತಿದ್ದಳು.

ಎರಡನೆಯವರು ಬಸವನಗುಡಿಯವರು. ಅರ್ಧ ಗಂಟೆ ಮಾತಾಡಿದರು, ಅಕ್ಕನಿಗೂ ಇಷ್ಟವಾದರು. ಕೊನೆಗೆ ಡೇಟ್ ಲೆಕ್ಕ ಹಾಕಿ ಅವರೇ ನಕ್ಕುಬಿಟ್ಟರು. "ನವೆಂಬರ್ ಕೊನೆ ಬರುತ್ತಲ್ಲಮ್ಮ, ಕಡಲೆಕಾಯಿ ಪರಿಷೆ! ಆಗ ನಮ್ಮ ರಸ್ತೆಗೆ ಆಟೋನೇ ಬರಲ್ಲ. ಗಾಂಧಿನಗರದಿಂದ ಮಾರ್ಕೆಟ್ ದಾಟಿ ಬೇರೆ ಬರಬೇಕು. ಹತ್ತಿರದಲ್ಲೇ ಯಾರನ್ನಾದ್ರೂ ನೋಡ್ಕೊಳ್ಳಿ." ಬಂದ ಪೇಷಂಟನ್ನ ಹೀಗೆ ಬಿಟ್ಟುಕೊಟ್ಟವರ ಮೇಲೆ ನನಗೆ ಗೌರವ ಬಂತು.

ಮೂರನೆಯದು ಮಲ್ಲೇಶ್ವರದ ಅಡ್ಡರಸ್ತೆಯೊಂದರ ಚಿಕ್ಕ ಆಸ್ಪತ್ರೆ. ಕಾಡು ಮಲ್ಲೇಶ್ವರನ ದರ್ಶನ ಮಾಡ್ಕೊಂಡು ಬರೋಣ ಅಂತ ಅಜ್ಜಿಯೂ ಹೊರಟರು. ನಾನು ಶೀಟ್ ತೆಗೆಯೋಕೆ ಮುಂಚೆ ಅಜ್ಜಿಯೇ ಕೇಳಿಬಿಟ್ಟರು: "ನಡುರಾತ್ರಿ ನೋವು ಬಂದ್ರೆ ಯಾರು ಬರ್ತೀರವ್ವಾ?"

ಡಾಕ್ಟರು ಪೆನ್ ಕೆಳಗಿಟ್ಟರು. "ನಾವಿಬ್ಬರು ಡಾಕ್ಟರಿದ್ದೀವಿ ಅಜ್ಜಿ, ಒಬ್ಬರು ಇದ್ದೇ ಇರ್ತೀವಿ. ಇನ್ನೊಬ್ಬರನ್ನೂ ಇವತ್ತೇ ನೋಡ್ಕೊಂಡು ಹೋಗಿ. ನಾರ್ಮಲ್ಲೇ ಮಾಡಿಸ್ತೀನಿ ಅಂತ ಮಾತು ಕೊಡಲ್ಲ. ಆಪರೇಷನ್ ಬೇಕು ಅಂದ್ರೆ ಯಾಕೆ ಅಂತ ಹೇಳಿಯೇ ಮಾಡ್ತೀನಿ." ಆಮೇಲೆ ರಿಪೋರ್ಟ್ ನೋಡಿ, ಮನೆಯಲ್ಲಿ ಹಿಂದೆ ಯಾರಿಗಾದರೂ ಹುಟ್ಟಿದ ಮಗುವಿಗೆ ಜೋರು ಕಾಮಾಲೆ ಆಗಿತ್ತಾ ಅಂತ ವಿಚಾರಿಸಿದರು.

ಅಕ್ಕ ಇಲ್ಲ ಅಂದಳು. ಅಜ್ಜಿ, "ನಂಗೆ" ಅಂದರು.

ಅಮ್ಮ ಒಬ್ಬಳೇ ಮಗಳು ಅಂತಲೇ ನಾವು ತಿಳ್ಕೊಂಡಿದ್ದದ್ದು. ಅಮ್ಮನ ಹಿಂದೆ ಇನ್ನಿಬ್ಬರು ಹುಟ್ಟಿದ್ದರಂತೆ, ಕುಣಿಗಲ್ ಕಡೆಯ ಹಳ್ಳಿಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಇಬ್ಬರೂ ಅರಿಶಿನದ ಬಣ್ಣಕ್ಕೆ ತಿರುಗಿ ವಾರದೊಳಗೆ ಹೋದರಂತೆ. "ಮಕ್ಕಳನ್ನ ತಿಂದ್ಕೊಂಡೋಳು ಅಂತಿದ್ರು ನಮ್ಮತ್ತೆ" ಅಂತ ಅಜ್ಜಿ ಬಸ್ಸಿನ ಟೈಮು ಹೇಳೋ ಹಾಗೆ ಹೇಳಿದರು.

"ಅಜ್ಜಿಯ ಬ್ಲಡ್ ಗ್ರೂಪ್ ಗೊತ್ತಾ?" ಅಂತ ಡಾಕ್ಟರು ನನ್ನ ಕಡೆ ತಿರುಗಿದರು. ಗೊತ್ತಿತ್ತು. ಎರಡು ವರ್ಷದ ಹಿಂದೆ ಅವರ ಮಂಡಿ ಆಪರೇಷನ್ನಿಗೆ ರಕ್ತ ಬೇಕು ಅಂತ ಕಾಲೇಜಿನ ಗ್ರೂಪಿಗೆಲ್ಲ ಮೆಸೇಜ್ ಹಾಕಿದವನೇ ನಾನು. ಓ ನೆಗೆಟಿವ್.

ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆ ಸಮಯದಲ್ಲಿ ಮಗುವಿನ ರಕ್ತ ಸ್ವಲ್ಪ ತಾಯಿಗೆ ಸೇರುತ್ತೆ. ತಾಯಿಯ ದೇಹ ಅದನ್ನ ಹೊರಗಿನದು ಅಂತ ತಿಳಿದು ಆಂಟಿಬಾಡಿ ತಯಾರು ಮಾಡುತ್ತೆ. ಮೊದಲ ಮಗು ಸಾಮಾನ್ಯವಾಗಿ ಪಾರಾಗುತ್ತೆ, ಪೆಟ್ಟು ಬೀಳೋದು ಮುಂದಿನ ಮಕ್ಕಳಿಗೆ. ಅದನ್ನ ತಡೆಯೋಕೆ ಆಂಟಿ-ಡಿ ಅನ್ನೋ ಇಂಜೆಕ್ಷನ್ ಇದೆ, 1968ರಿಂದ ಬಳಕೆಯಲ್ಲಿದೆ. ಭಾವ ಪಾಸಿಟಿವ್. ಹಾಗಾಗಿ ಅಕ್ಕನಿಗೆ ಮೊದಲು ಕೂಂಬ್ಸ್ ಟೆಸ್ಟ್, ಆಂಟಿಬಾಡಿ ಇಲ್ಲದಿದ್ದರೆ 28ನೇ ವಾರಕ್ಕೆ ಒಂದು ಇಂಜೆಕ್ಷನ್, ಮಗು ಪಾಸಿಟಿವ್ ಆದರೆ ಹುಟ್ಟಿದ 72 ಗಂಟೆಯೊಳಗೆ ಇನ್ನೊಂದು.

"ನಿಮಗೆ ಆಗಿದ್ದೂ ಇದೇ ಇರಬಹುದು ಅಜ್ಜಿ, ಈಗ ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ನಿಮ್ಮ ತಪ್ಪಂತೂ ಅಲ್ಲ."

ಅಜ್ಜಿ ಏನೂ ಹೇಳಲಿಲ್ಲ. ಸೆರಗನ್ನ ಸರಿ ಮಾಡಿಕೊಂಡರು. ಆಚೆ ಬಂದ ಮೇಲೆ ಅಕ್ಕ, "ಲೋ, ಇನ್ನು ಶೀಟ್ ಸಾಕು" ಅಂದಳು. ನಾನು ಅಂಕ ಕೂಡಿಸಲೇ ಇಲ್ಲ.

ಓದ್ತಿರೋ ನೀವು ಹುಡುಗರಾಗಿರಲಿ, ಹುಡುಗಿಯರಾಗಿರಲಿ, ನಿಮ್ಮ ಬ್ಲಡ್ ಗ್ರೂಪ್ ತಿಳ್ಕೊಂಡಿರಿ. ಕಾಲೇಜಿನ ರಕ್ತದಾನ ಶಿಬಿರದಲ್ಲಿ ಹೇಗೂ ಹೇಳ್ತಾರೆ. ಮುಂದೆ ಅಕ್ಕನಿಗೋ ಅತ್ತಿಗೆಗೋ ಡಾಕ್ಟರ್ ಹುಡುಕೋ ದಿನ ಬಂದರೆ ಮನೆಯ ಹಿರಿಯರನ್ನೂ ಜೊತೆಗೆ ಕರ್ಕೊಂಡು ಹೋಗಿ. ಅವರು ನಮಗೆ ಹೇಳದೇ ಇದ್ದದ್ದನ್ನ ಕೇಳೋ ಡಾಕ್ಟರು ಸಿಕ್ಕರೂ ಸಿಗಬಹುದು.

ಕೂಂಬ್ಸ್ ಟೆಸ್ಟಿನಲ್ಲಿ ಏನೂ ತೊಂದರೆ ಕಾಣಲಿಲ್ಲ. ಹೋದ ವಾರ ಅಕ್ಕನಿಗೆ 28 ತುಂಬಿತು. ಇಂಜೆಕ್ಷನ್ ದಿನ ಅಜ್ಜಿ ತಾವೂ ಬರ್ತೀನಿ ಅಂತ ಬೆಳಿಗ್ಗೆಯೇ ರೆಡಿಯಾಗಿ ಕೂತಿದ್ದರು. ನರ್ಸ್ ಅಕ್ಕನಿಗೆ ಚುಚ್ಚಿ ಹತ್ತಿ ಒತ್ತಿದ ಮೇಲೆ ಅಜ್ಜಿ ಆ ಖಾಲಿ ಶೀಷೆ ಇಸ್ಕೊಂಡು ಬೆಳಕಿಗೆ ಹಿಡಿದು ನೋಡಿದರು. ಬೆರಳಿಗಿಂತ ಚಿಕ್ಕದು.

"ಇಷ್ಟೇನಾ?" ಅಂದರು.