ತಾಯಿಗೆ ತಟ್ಟಿದ ಬಿಸಿ, ಮರಿಯ ಕಣ್ಣಿಗೆ ಕುತ್ತು

ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ನಗರದಿಂದ ಹೊರಟ ಟ್ರಾಮ್ ದಾರಿ ಗ್ಲೆನೆಲ್ಗ್ ಎಂಬ ಕಡಲತೀರದಲ್ಲಿ ಕೊನೆಗೊಳ್ಳುತ್ತದೆ. ಎದುರಿಗೆ ಸೇಂಟ್ ವಿನ್ಸೆಂಟ್ ಕೊಲ್ಲಿ. ಆಳ ಅಷ್ಟೇನಿಲ್ಲ, ತಳದಲ್ಲಿ ಮರಳು, ನಡುನಡುವೆ ಕಡಲಹುಲ್ಲಿನ ಬಯಲು. ಅಲ್ಲಿ ಬಿದ್ದಿರುವ ಖಾಲಿ ಚಿಪ್ಪಿನೊಳಗೋ ಯಾರೋ ಎಸೆದ ಬಾಟಲಿಯೊಳಗೋ ಪುಟ್ಟ ಅಷ್ಟಪದಿಯೊಂದು ಮನೆ ಮಾಡಿಕೊಂಡಿರಬಹುದು. ಅದರ ಹೆಸರು ಆಕ್ಟೋಪಸ್ ಬೆರ್ರಿಮಾ. ಕತ್ತಲಾದ ಮೇಲೆ ಅದು ಬೇಟೆಗೆ ಹೊರಡುತ್ತದೆ.

ಇದರ ತಾಯ್ತನ ಒಂದು ಸೋಜಿಗ. ಹೆಣ್ಣು ಬಾಳಿನಲ್ಲಿ ಒಂದೇ ಬಾರಿ ಮೊಟ್ಟೆಯಿಡುತ್ತದೆ. ಗೂಡಿನ ಗೋಡೆಗೆ ಅಂಟಿಸಿದ ಆ ಮೊಟ್ಟೆಗಳನ್ನು ತೋಳುಗಳಿಂದ ಸವರಿ ಕೊಳೆ ತೆಗೆಯುತ್ತದೆ. ದೇಹದ ಕೊಳವೆಯಿಂದ ಹೊಸ ನೀರು ಚಿಮ್ಮಿಸಿ ಆಮ್ಲಜನಕ ಒದಗಿಸುತ್ತದೆ. ಬೇಟೆ, ಊಟ ಎಲ್ಲವನ್ನೂ ಮರೆತ ತಾಯಿ ಮರಿಗಳು ಹೊರಬಂದ ಮೇಲೆ ಸಾಯುತ್ತದೆ. ಸಾಕುವವರಿಲ್ಲದ ಮರಿಗಳು ಮೊದಲಿನಿಂದಲೇ ತಾವೇ ಬೇಟೆಯಾಡಬೇಕು. ಅದಕ್ಕೆ ಕಣ್ಣೇ ಆಧಾರ.

ನೀರು ಬಿಸಿಯಾದರೆ ಏನಾದೀತು? ಅಷ್ಟಪದಿ ಶೀತರಕ್ತದ ಪ್ರಾಣಿ. ಕಾವೇರಿದಂತೆ ಅದರ ದೇಹಕ್ಕೆ ಹೆಚ್ಚು ಆಮ್ಲಜನಕ ಬೇಕು. ಆದರೆ ಬೆಚ್ಚಗಿನ ನೀರಿನಲ್ಲಿ ಕರಗಿರುವ ಆಮ್ಲಜನಕವೇ ಕಡಿಮೆ! ಉಪವಾಸವಿರುವ ತಾಯಿಯ ಮೈಯಲ್ಲಿನ ಸಂಗ್ರಹವೂ ಬೇಗ ಕರಗುತ್ತದೆ.

ಅಡಿಲೇಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ತಾಯಿ ಮತ್ತು ಮೊಟ್ಟೆಗಳನ್ನು 19, 22 ಹಾಗೂ 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿಟ್ಟು ನೋಡಿದರು. 22 ಎಂಬುದು ಅಲ್ಲಿನ ಈಗಿನ ಬೇಸಿಗೆಯ ಕಾವು. 25 ಎಂಬುದು ಈ ಶತಮಾನದ ಕೊನೆಗೆ ನಿರೀಕ್ಷಿಸಿರುವುದು. 2024ರಲ್ಲಿ ಪ್ರಕಟವಾದ ಫಲಿತಾಂಶ ಕಳವಳಕಾರಿ. 25 ಡಿಗ್ರಿಯಲ್ಲಿದ್ದ ಮೂವರು ತಾಯಂದಿರಲ್ಲಿ ಇಬ್ಬರು ಮೊಟ್ಟೆಗಳು ಬೆಳೆಯುವ ಮೊದಲೇ ಸತ್ತರು. ಉಳಿದ ಒಂದರ ಮೊಟ್ಟೆಗಳಲ್ಲಿ ಅರ್ಧದಷ್ಟೂ ಮರಿಯಾಗಲಿಲ್ಲ. ಕಣ್ಣಿನ ಮಸೂರ ಪಾರದರ್ಶಕವಾಗಿರಲು ಬೇಕಾದ ಒಂದು ಪ್ರೋಟೀನು, ಬೆಳಕನ್ನು ಗ್ರಹಿಸುವ ವರ್ಣಕವನ್ನು ಮತ್ತೆ ಮತ್ತೆ ತಯಾರಿಸಲು ನೆರವಾಗುವ ಇನ್ನೊಂದು ಪ್ರೋಟೀನು, ಎರಡೂ ಆ ಕಾವಿನಲ್ಲಿ ಕುಗ್ಗಿದ್ದವು. ಪರೀಕ್ಷಿಸಿದ ತಾಯಂದಿರು ಕೆಲವೇ ಆದರೂ ಎಚ್ಚರಿಕೆ ಸ್ಪಷ್ಟವಾಗಿದೆ.

ಅದು ದೂರದ ಮಾತೂ ಅಲ್ಲ. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಕಡಲ ಬಿಸಿಯಲೆಯಲ್ಲಿ ಈ ತೀರದ ನೀರು ವಾಡಿಕೆಗಿಂತ ಸುಮಾರು ಎರಡೂವರೆ ಡಿಗ್ರಿ ಹೆಚ್ಚು ಕಾದಿತ್ತು.

ನೀರು ಕಾದಾಗ ಈಜಬಲ್ಲ ಪ್ರಾಣಿ ತಂಪಿನ ಕಡೆಗೆ ಸರಿಯಬಹುದು. ಆದರೆ ಗೋಡೆಗೆ ಅಂಟಿದ ಮೊಟ್ಟೆಗಳನ್ನು ಬಿಟ್ಟು ತಾಯಿ ಎಲ್ಲಿಗೆ ಹೋದೀತು?