ಶಿರಾಳಕೊಪ್ಪದಲ್ಲಿ ನೆನೆದ ಜ್ವಾಲಾಮುಖಿ

2025ರ ನವೆಂಬರ್ ತಿಂಗಳ ಕೊನೆಯ ವಾರ ನಾವು ಸಕುಟುಂಬವಾಗಿ ಶಿರಾಳಕೊಪ್ಪಕ್ಕೆ ಹೋಗಬೇಕಾಯಿತು. ಲಿಂಗೈಕ್ಯರಾದ ನಮ್ಮ ಚಿಕ್ಕಮ್ಮನವರ ಶಿವಗಣಾರಾಧನೆ 25ನೆಯ ತಾರೀಖಿಗೆ ನಿಶ್ಚಯವಾಗಿತ್ತು. ಅವರ ಒಬ್ಬನೇ ಮಗ ಕುವೈತಿನಲ್ಲಿ ಉದ್ಯೋಗಿ. ತಾಯಿಯ ಅಂತ್ಯದರ್ಶನಕ್ಕೆ ಬರಲಾಗದಿದ್ದ ಅವನು ಗಣಾರಾಧನೆಗಾದರೂ ಬಂದೇ ಬರುವೆನೆಂದು ಮಾತು ಕೊಟ್ಟಿದ್ದ. 24ರ ಸಂಜೆ ನಾವು ಶಿಕಾರಿಪುರದ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ, ಅವನ ವಿಮಾನ ರದ್ದಾದ ಸುದ್ದಿ ನಮಗಿಂತ ಮೊದಲೇ ಬಂದು ಕುಳಿತಿತ್ತು. ಇಥಿಯೋಪಿಯದಲ್ಲಿ ಜ್ವಾಲಾಮುಖಿಯೊಂದು ಸಿಡಿದು, ಅದರ ಬೂದಿ ಅರಬ್ಬೀ ಸಮುದ್ರದ ಮೇಲೆ ಹಾದುಬರುತ್ತಿದೆಯಂತೆ!

“ಒಂದಿಷ್ಟು ಬೂದಿಗೆ ಹೆದರಿ ವಿಮಾನ ನಿಲ್ಲಿಸುವುದುಂಟೇ?” ಎಂದು ಹಿರಿಯರು ನೊಂದು ನುಡಿದರು. ಬಂಧುಬಳಗಕ್ಕೆಲ್ಲ ಹೇಳಿಕೆ ಹೋಗಿದ್ದುದರಿಂದ ಕಾರ್ಯವನ್ನು ಮುಂದೂಡುವಂತಿರಲಿಲ್ಲ. ಮಗನಿಲ್ಲದೆಯೇ ಅದು ನೆರವೇರಿತು.

ಮರುದಿನ ಮನೆಯ ಮಕ್ಕಳನ್ನು ಕರೆದುಕೊಂಡು ಹತ್ತಿರದ ಬಳ್ಳಿಗಾವೆಗೆ ಹೋದೆವು. ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ನಾಡು ಗೌರವಿಸುವ ಊರು ಅದು. ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯದ ನುಣುಪಾದ ಕಂಬಕ್ಕೆ ಒರಗಿ ಕುಳಿತಾಗ ತಂಗಿಯ ಮಗಳು ಕೇಳಿದಳು: “ದೊಡ್ಡಮಾವ, ಆ ಬೂದಿ ನಮ್ಮ ವಿಭೂತಿಯಂತೆಯೇ ಇರುತ್ತದೆಯೇ?”

ಬಾಲೆಯ ಪ್ರಶ್ನೆ ಸಣ್ಣದಲ್ಲ. ವಿಭೂತಿಯು ಸುಟ್ಟ ವಸ್ತುವಿನ ಭಸ್ಮ. ಜ್ವಾಲಾಮುಖಿಯ ಬೂದಿಯಾದರೋ ಯಾವುದೂ ಸುಟ್ಟು ಉಳಿದದ್ದಲ್ಲ. ಕರಗಿದ ಶಿಲೆಯೊಳಗೆ ಅಡಗಿದ್ದ ಅನಿಲಗಳು ಒಮ್ಮೆಲೆ ಹಿಗ್ಗಿ, ಶಿಲೆಯನ್ನು ಛಿದ್ರಗೊಳಿಸಿದಾಗ ಹುಟ್ಟುವ ಗಾಜಿನ ಮತ್ತು ಖನಿಜದ ಸೂಕ್ಷ್ಮ ಚೂರುಗಳವು. ವಿಮಾನದ ಎಂಜಿನ್ನಿನ ಉರಿಯಲ್ಲಿ ಈ ಗಾಜು ಕರಗಿ ಒಳಭಾಗಗಳಿಗೆ ಮೆತ್ತಿಕೊಳ್ಳುತ್ತದೆ. 1982ರ ಜೂನ್ 24ರಂದು ಇಂಡೊನೇಷ್ಯದ ಗಲುಂಗುಂಗ್ ಪರ್ವತದ ಬೂದಿಯನ್ನು ಹೊಕ್ಕ ವಿಮಾನವೊಂದರ ನಾಲ್ಕೂ ಎಂಜಿನ್ನುಗಳು ನಿಂತುಹೋಗಿದ್ದವು. ಕೆಳಗಿಳಿದು ಬೂದಿಯಿಂದ ಹೊರಬಂದ ಮೇಲೆ ಅವು ಮತ್ತೆ ಚಾಲನೆಗೊಂಡು, ಪ್ರಯಾಣಿಕರು ಬದುಕಿಕೊಂಡರು.

ಈ ಬಾರಿ ನವೆಂಬರ್ 23ರಂದು ಸಿಡಿದದ್ದು ಇಥಿಯೋಪಿಯದ ಅಫಾರ್ ಪ್ರದೇಶದ ಹೈಲಿ ಗುಬ್ಬಿ ಎಂಬ ಪರ್ವತ. ಅದು ಹಿಂದೆ ಸಿಡಿದುದಕ್ಕೆ ಯಾವ ದಾಖಲೆಯೂ ಇರಲಿಲ್ಲ. ಸುಮಾರು 14 ಕಿ.ಮೀ. ಎತ್ತರಕ್ಕೇರಿದ ಅದರ ಹೊಗೆ ಯೆಮನ್, ಒಮಾನ್‌ಗಳನ್ನು ದಾಟಿ ಗುಜರಾತ್, ರಾಜಸ್ಥಾನ, ದೆಹಲಿಗಳ ಮೇಲೆ ಹಾದುಹೋಯಿತು.

ಆ ಹೊಗೆಯಲ್ಲಿ ಬೂದಿಯೊಂದೇ ಇರುವುದಿಲ್ಲ. ಜ್ವಾಲಾಮುಖಿಯ ಉಸಿರಿನಲ್ಲಿ ಬಹುಪಾಲು ನೀರಾವಿ. ಅದರೊಡನೆ ಇಂಗಾಲದ ಡೈ ಆಕ್ಸೈಡ್, ಗಂಧಕದ ಡೈ ಆಕ್ಸೈಡ್, ಅಲ್ಪ ಪ್ರಮಾಣದಲ್ಲಿ ಹೈಡ್ರೊಜನ್ ಕ್ಲೋರೈಡ್ ಮೊದಲಾದವು. ಬೂದಿಯ ಬಹುಭಾಗ ಕೆಲವೇ ದಿನಗಳಲ್ಲಿ ನೆಲಕ್ಕಿಳಿಯುತ್ತದೆ. ಗಂಧಕದ ಅನಿಲವಾದರೋ ಗಾಳಿಯಲ್ಲಿ ಮೆಲ್ಲಮೆಲ್ಲನೆ ಗಂಧಕಾಮ್ಲವಾಗಿ, ಕಣ್ಣಿಗೆ ಕಾಣದ ಹನಿಗಳಾಗುತ್ತದೆ. ಮೋಡಗಳಿರುವ ಕೆಳಪದರದಲ್ಲಿ ಆ ಹನಿಗಳನ್ನು ಮಳೆ ಬೇಗನೆ ತೊಳೆದುಬಿಡುತ್ತದೆ. ಅದಕ್ಕೂ ಮೇಲಿನ ಸ್ತರಗೋಳವನ್ನು ಸೇರಿದರೆ, ಅಲ್ಲಿ ಮಳೆಯಿಲ್ಲದ್ದರಿಂದ, ಒಂದೆರಡು ವರ್ಷ ನಿಂತು ಬಿಸಿಲನ್ನು ಹಿಂದಕ್ಕೆ ಚದುರಿಸುತ್ತವೆ. 1991ರ ಜೂನ್ 15ರಂದು ಫಿಲಿಪ್ಪೀನ್ಸಿನ ಪಿನಟೂಬೊ ಪರ್ವತ ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಗಂಧಕದ ಡೈ ಆಕ್ಸೈಡ್ ಉಗುಳಿದಾಗ, ಮರುವರ್ಷ ಭೂಮಿಯ ಸರಾಸರಿ ತಾಪ ಸುಮಾರು ಅರ್ಧ ಡಿಗ್ರಿಯಷ್ಟು ತಗ್ಗಿತ್ತು.

“ನಮ್ಮ ಕಡೆ ಜ್ವಾಲಾಮುಖಿ ಇಲ್ಲವಲ್ಲ, ನಾವು ಪುಣ್ಯವಂತರು” ಎಂದಳು ಹುಡುಗಿ. ಈಗ ಇಲ್ಲ ನಿಜ. ಒಂದು ಕಾಲಕ್ಕೆ ಇದ್ದವು. ಶಿವಮೊಗ್ಗದ ಪ್ರಾಚೀನ ಶಿಲಾಪಟ್ಟಿಗೆ ಸೇರಿದ, ಚನ್ನಗಿರಿ ತಾಲ್ಲೂಕಿನ ದಾಗಿನಕಟ್ಟೆಯ ಜ್ವಾಲಾಮುಖಿ ಶಿಲೆಯ ವಯಸ್ಸು ಸುಮಾರು 261 ಕೋಟಿ ವರ್ಷಗಳೆಂದು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ನಾವು ಒರಗಿದ್ದ ಕಂಬದ ಬಳಪದ ಕಲ್ಲೂ ಭೂಗರ್ಭದ ಕಾವು, ಒತ್ತಡ, ನೀರುಗಳಿಂದ ರೂಪಾಂತರ ಹೊಂದಿದ ಶಿಲೆಯೇ. ದಾಗಿನಕಟ್ಟೆಯ ಬೆಂಕಿ ಉರಿದ ಕಾಲದಲ್ಲಿ ಗಾಳಿಯಲ್ಲಿ ಆಮ್ಲಜನಕವಿರಲಿಲ್ಲ, ಓಜೋನಿನ ಕೊಡೆಯೂ ಇರಲಿಲ್ಲ. ಸೂರ್ಯನ ಅತಿನೇರಳೆ ಕಿರಣಗಳು ಗಂಧಕದ ಅನಿಲವನ್ನು ನೇರವಾಗಿ ಒಡೆಯುತ್ತಿದ್ದವು. ಅದರ ವಿಶಿಷ್ಟ ಗುರುತು ಸುಮಾರು 240 ಕೋಟಿ ವರ್ಷಗಳಿಗಿಂತ ಹಳೆಯ ಶಿಲೆಗಳ ಗಂಧಕದಲ್ಲಿ ಇಂದಿಗೂ ಉಳಿದಿದೆ. ಭೂಮಿಯ ಅಂದಿನ ಗಾಳಿ ಹೇಗಿತ್ತೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

27ರ ಬೆಳಗ್ಗೆ ತಮ್ಮ ಬಂದಿಳಿದ. ಚಪ್ಪಲಿ ಕಳಚಿದವನೇ ನೇರವಾಗಿ ತಾಯಿಯ ಸಮಾಧಿಯ ಬಳಿಗೆ ನಡೆದು ಬಹಳ ಹೊತ್ತು ಮೌನವಾಗಿ ಕುಳಿತ. ಯಾರೂ ಮಾತನಾಡಿಸಲಿಲ್ಲ. ಕೊನೆಗೆ ಹುಡುಗಿಯೇ ಹತ್ತಿರ ಹೋಗಿ, “ಸಣ್ಣಮಾವ, ನಿಮ್ಮನ್ನು ತಡೆದದ್ದು ಬೂದಿಯಲ್ಲ, ಗಾಜಿನ ಪುಡಿ. ವಿಮಾನ ನಿಲ್ಲಿಸಿದ್ದೇ ಒಳ್ಳೆಯದಾಯಿತು” ಎಂದಳು. ಅವನು ತಲೆಯೆತ್ತಿ ಅವಳ ಕೈ ಹಿಡಿದುಕೊಂಡ.

ಹಿಂದಿನ ದಿನಗಳಲ್ಲಿ ಸಿಡಿಮಿಡಿಗೊಂಡಿದ್ದ ಹಿರಿಯರು, “ಹೌದಪ್ಪ, ತಡವಾದರೂ ನೀನು ಬಂದೆಯಲ್ಲ, ಅಷ್ಟೇ ಸಾಕು” ಎಂದು ಅವನನ್ನು ಪ್ರಸಾದಕ್ಕೆ ಎಬ್ಬಿಸಿದರು.