ಅಣ್ಣನ ಕೈಬರಹದ ಪುಟ | ಭಾಗ 4

ಇನ್‌ಬಾಕ್ಸ್‌ನಲ್ಲಿ ಹೆಚ್ಚು ಬಂದ ಪ್ರಶ್ನೆ ಇದು: "ನಿಮ್ಮಣ್ಣಗ 27 ವರ್ಷ ಅಲ್ಲಾ? ಇನ್ನೂ ಅವ್ವ ಯಾಕ ಗುಳಿಗಿ ನೆನಪು ಮಾಡಬೇಕು?" ಉತ್ತರ ಸ್ವಲ್ಪ ಉದ್ದ ಐತಿ. ಅಣ್ಣ ಇದನ್ನ ಓದಿ, ಎರಡು ಸಾಲು ತೆಗೆಸಿ, "ಹಾಕು" ಅಂದ ಮೇಲೇ ಹಾಕಿದ್ದೀನಿ.

ಹೊಸಬರಿಗೆ ಹೇಳ್ತೀನಿ. ಅಣ್ಣನಿಗೆ ಬೈಪೋಲಾರ್ ಡಿಸಾರ್ಡರ್ ಇದೆ. ನಾವು ಕ್ಲಾಸಿನಲ್ಲಿ ತಮಾಷೆಗೆ 'ಮೂಡ್ ಸ್ವಿಂಗ್' ಅಂತೀವಲ್ಲ, ಅದಲ್ಲ ಇದು.

ಐದು ವರ್ಷದ ಹಿಂದೆ ಭತ್ತದ ಸುಗ್ಗಿಯಲ್ಲಿ ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡ್ತಿದ್ದ. ನಾಲ್ಕು ದಿನ ನಿದ್ದೆ ಇಲ್ಲ, ಆದ್ರೂ ದಣಿವಿಲ್ಲ. ಮಾತು ನಿಲ್ಲಲಿಲ್ಲ. ಸಾಲ ಮಾಡಿ ಮೂರು ಮೊಬೈಲ್ ತಂದ. ಸ್ವಂತ ಮಿಲ್ ಹಾಕ್ತೀನಿ ಅಂತ ಕುಷ್ಟಗಿಗೆ ಹೋಗಿ ಮಾವನ ಹೊಲ ಕೇಳಿದ. ಓಣಿಯವರು "ಸೊಕ್ಕು ಬಂದೈತಿ" ಅಂದ್ರು. ಮೂರು ತಿಂಗಳಾದ ಮೇಲೆ ಸ್ನಾನಕ್ಕೂ ಏಳಲಾರದೆ ಚಾದರ ಹೊದ್ದು ಮಲಗಿದ. ಅದೇ ಓಣಿಯವರು "ಮೈಗಳ್ಳ" ಅಂದ್ರು. ಎರಡೂ ಒಂದೇ ಕಾಯಿಲೆಯ ಎರಡು ಮುಖ ಅಂತ ನಮಗೆ ಗೊತ್ತಾಗಿದ್ದು ಧಾರವಾಡದ ಡಿಮ್ಹಾನ್ಸ್‌ಗೆ ಹೋದಾಗ.

ಸಣ್ಣ ಮಗ ಆಗಿದ್ರೆ ಎತ್ತಿಕೊಂಡು ಆಸ್ಪತ್ರೆಗೆ ಹೋಗಬಹುದಿತ್ತು. ಬೆಳೆದ ಮಗನನ್ನ ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು? ಅವ್ವ ಇದನ್ನ ಅಣ್ಣನನ್ನೇ ಕೇಳಿದಳು, ಅವನು ಆರಾಮ ಇದ್ದಾಗ. ಅವನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದ:

• ಎರಡು ರಾತ್ರಿ ನಾಲ್ಕು ತಾಸಿಗಿಂತ ಕಡಿಮೆ ಮಲಗಿದ್ರೆ ಡಾಕ್ಟರಿಗೆ ಫೋನ್ ಮಾಡಬೇಕು.
• ಎಟಿಎಂ ಕಾರ್ಡ್ ಅವ್ವನ ಕೈಗೆ, ಬೈಕಿನ ಕೀ ತಂಗಿ ಕೈಗೆ.
• ನಂಟರಿಗೆ ಹೇಳಬಾರದು.
• ಆವಾಗ ನಾ ಬ್ಯಾಡ ಅಂತೀನಿ. ಆದ್ರೂ ಮಾಡ್ರಿ.

ಕೊನೇ ಸಾಲು ಬರೆಯೋಕೆ ಎಷ್ಟು ಧೈರ್ಯ ಬೇಕು ನೋಡಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಇದೇ ವಿಚಾರ ಇದೆ. ಮುಂದೆ ಹುಷಾರಿಲ್ಲದಾಗ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಅಂತ ವಯಸ್ಕರು ಮೊದಲೇ ಬರೆದಿಡಬಹುದು. ತಮ್ಮ ಪರವಾಗಿ ಯಾರು ನಿಲ್ಲಬೇಕು ಅಂತಲೂ ಆರಿಸಬಹುದು. ನಮ್ಮ ನೋಟ್‌ಬುಕ್ ಕಾನೂನಿನ ಪತ್ರ ಅಲ್ಲ, ಆದ್ರೂ ಮನೆಯಲ್ಲಿ ನಡೀತದೆ.

ಹೋದ ಸುಗ್ಗಿಯಲ್ಲಿ ನಡೀತು. ಎರಡನೇ ರಾತ್ರಿ ಮೂರು ಗಂಟೆಗೆ ಅಣ್ಣ ಅಂಗಳದಲ್ಲಿ ಬೈಕ್ ತೊಳೀತಿದ್ದ. ಬೆಳಗ್ಗೆ ಅವ್ವ ಬೈಯಲಿಲ್ಲ, ಆ ಪುಟ ತೆಗೆದು ಮುಂದಿಟ್ಟಳು. "ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಅಂತ ಕಾರ್ಡ್ ಎಸೆದ. "ನಂಬಿಕಿ ಐತಿ ಅಂತನ ನೀ ಬರದಿದ್ದನ್ನ ಮಾಡಾಕತ್ತೀನಿ" ಅಂದಳು. ಡಾಕ್ಟರ್ ಔಷಧಿ ಬದಲಿಸಿದ್ರು. ಮೂರು ದಿನ ಅವ್ವನ ಜೊತೆ ಮಾತು ಬಿಟ್ಟಿದ್ದ. ಆದ್ರೆ ಈ ಸಲ ಸಾಲ ಆಗಲಿಲ್ಲ, ಕೆಲಸ ಹೋಗಲಿಲ್ಲ. ಈಗ ಹಗಲು ಪಾಳಿ ಮಾತ್ರ. ಗವಿಮಠದ ಜಾತ್ರೆಗೂ ಹೋಗ್ತಾನೆ, ಕತ್ತಲಾಗೋದ್ರೊಳಗೆ ಕೊಪ್ಪಳದಿಂದ ಬಸ್ ಹತ್ತುತಾನೆ.

ಇನ್ನು ಗುಳಿಗೆ. ಅವನು ತಗೊಳ್ಳೋದು ಲಿಥಿಯಂ. ಇದಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕು, ಮೂತ್ರಪಿಂಡ, ಥೈರಾಯ್ಡ್ ಕೂಡ ನೋಡಿಸಬೇಕು. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ? ಬೆವರಿ ನೀರು, ಉಪ್ಪು ಕಡಿಮೆಯಾದ್ರೆ ರಕ್ತದಲ್ಲಿ ಲಿಥಿಯಂ ಏರ್ತದೆ. ವಾಂತಿ ಭೇದಿ ಆದ್ರೂ ಹಾಗೇ. ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಯೂ ಏರಿಸ್ತದೆ. ಕೈ ಜೋರಾಗಿ ನಡುಗಿದ್ರೆ, ನಡಿಗೆ ತೂರಾಡಿದ್ರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಅದಕ್ಕೇ ಅವ್ವ ಮಿಲ್ಲಿಗೆ ದೊಡ್ಡ ಬಾಟಲಿ ಮಜ್ಜಿಗೆ ಕಳಿಸೋದು. ಅದು ಮುದ್ದು ಅಲ್ಲ, ಲೆಕ್ಕ.

ಒಂದು ಹೆಮ್ಮೆಯ ವಿಷಯ. ಮಾನಸಿಕ ಚಿಕಿತ್ಸೆ ದೊಡ್ಡ ಆಸ್ಪತ್ರೆಯಲ್ಲಷ್ಟೇ ಅಲ್ಲ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗಬೇಕು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ಆ 'ಬಳ್ಳಾರಿ ಮಾದರಿ'ಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು.

ಯಲಬುರ್ಗಾದಲ್ಲಿರಿ, ಕುಷ್ಟಗಿಯಲ್ಲಿರಿ, ಮಾತಾಡಬೇಕು ಅನ್ನಿಸಿದ್ರೆ ಟೆಲಿ ಮಾನಸ್ ಸಂಖ್ಯೆ 14416. ಉಚಿತ, 24 ತಾಸು, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಫೋನ್ ಮಾಡಬಹುದು.

ಮುಂದಿನ ಭಾಗ: ಅಣ್ಣನ ಮದುವೆ ಮಾತು ಬಂದಾಗ ಹೆಣ್ಣಿನವರಿಗೆ ಏನು ಹೇಳಿದ್ವಿ.

#ಅಣ್ಣನಕಥೆ #ಬೈಪೋಲಾರ್ #ಗಂಗಾವತಿ #ಕೊಪ್ಪಳ